ತಣ್ಣಗಿರುವ ಒಲೆ

ಬಾಗಿಲು ಮುಚ್ಚುವ ಮುನ್ನ ದಿನಾ ಒಂದೇ ಮಾತು ನನ್ನದು:
ಅಲ್ಲಾಡಬೇಡಿ, ಹತ್ತು ನಿಮಿಷ, ನಾನು ಆಚೆಗಿರುತ್ತೇನೆ.
ಮೊದಲ ದಿನ ಹೊಂಬಾಳಯ್ಯ ಕೇಳಿದ್ದು ಇಷ್ಟೆ:
"ಅಷ್ಟು ಒಳ್ಳೇದಾದ್ರೆ ನೀವ್ಯಾಕವ್ವ ಓಡೋಗೋದು?"

ಉತ್ತರ ಇತ್ತು ನನ್ನ ಬಳಿ, ತರಬೇತಿಯಲ್ಲಿ ಕಲಿಸಿದ್ದು.
ಹೇಳಲಿಲ್ಲ. ಬಾಗಿಲು ತನ್ನ ಭಾರಕ್ಕೆ ತಾನೇ ಸರಿಯಿತು.

ಕೆರಗೋಡಿನ ಆಚೆ ಯಾವುದೋ ಆಲೆಮನೆಯಲ್ಲಿ
ಮೂವತ್ತೆರಡು ವರ್ಷ ಒಲೆಯ ಬಾಯಿಗೆ ಸಿಪ್ಪೆ ಉಣಿಸಿದವರು.
ಸಿಪ್ಪೆ ನೆನೆದ ದಿನ ಹಳೇ ಟೈರು, ಹರಿದ ಚಪ್ಪಲಿ,
ಕೊಪ್ಪರಿಗೆ ಕುದಿಯಬೇಕು, ಅಷ್ಟೆ.
ನಡುವೆ ಕೆಂಡಕ್ಕೆ ಬಗ್ಗಿ ಹಚ್ಚಿದ ಬೀಡಿ.
ಯಾವ ಹೊಗೆ ಎಂದು ಫೈಲಿನಲ್ಲೊಂದು ಖಾನೆ ಇದೆ.
"ಎಲ್ಲಾನೂ ಬರ್ಕೊ" ಅಂದರು.

ಬಲ ಶ್ವಾಸಕೋಶ, ಮೇಲುಗಡೆ, ನಿಂಬೆಯ ಗಾತ್ರ,
ದೊಡ್ಡ ರಕ್ತನಾಳವನ್ನು ತಬ್ಬಿ ಕೂತಿದೆ,
ಕತ್ತಿ ಇಡುವ ಜಾಗವಲ್ಲ ಎಂದರು ಡಾಕ್ಟರು.
ಹಾಗಾಗಿ ಮೈಸೂರು. ಹಾಗಾಗಿ ಈ ನೆಲಮಾಳಿಗೆ.
ಮೂವತ್ತು ಸಲ, ಸೋಮವಾರದಿಂದ ಶುಕ್ರವಾರ,
ಮಂಡ್ಯದ ಬೆಳಗಿನ ರೈಲು; ನಾಗನಹಳ್ಳಿ ಬಂದರೆ
ಕೆಂಪಾಜಮ್ಮ ಗಂಡನ ಭುಜ ಅಲುಗಿಸಿ ಎಬ್ಬಿಸುತ್ತಾರಂತೆ.

ಎದೆಯ ಮೇಲೆ ನಾನೇ ಬರೆದ ನೇರಳೆ ಗೆರೆಗಳು.
ಗೋಡೆಯಿಂದ ಹೊರಟ ಹಸಿರು ಬೆಳಕಿನ ದಾರ
ಆ ಗೆರೆಗೆ ತಾಗಿ ನಿಲ್ಲಬೇಕು, ಕೂದಲೆಳೆ ಅತ್ತಿತ್ತ ಆಗದೆ.
ಸೋಪು ಹಾಕಬೇಡಿ ಎಂದಿದ್ದೆ.
ಆ ಭಾನುವಾರ ಯುಗಾದಿ. ಕೆಂಪಾಜಮ್ಮ ಎಣ್ಣೆಯೊತ್ತಿ,
ಸೀಗೆಪುಡಿಯಲ್ಲಿ ತಿಕ್ಕಿ ತಿಕ್ಕಿ,
ಹುಣಸೆಹಣ್ಣು ಕಂಡ ಹಂಡೆಯ ಹಾಗೆ ಬೆಳಗಿ ಕಳಿಸಿದರು ಅವರನ್ನು.
ಹನ್ನೊಂದನೇ ದಿನ. ಗೆರೆಯಿಲ್ಲ.

ನಾನು ಕೂಗಾಡಿದೆ. ಈಗಲೂ ನಾಚಿಕೆಯಾಗುತ್ತದೆ.
ಮತ್ತೆ ಸ್ಕ್ಯಾನು, ಮತ್ತೆ ಅಳತೆ, ಈ ಸಲ ಸೂಜಿ:
ಮೂರು ಚುಕ್ಕಿ, ಸಾಸಿವೆಗಿಂತ ಸಣ್ಣವು, ಯಾವ ಸೀಗೆಗೂ ಬಗ್ಗದವು.
ಕೆಂಪಾಜಮ್ಮ ತಮ್ಮ ಮುಂಗೈಯನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದರು,
ಹಸಿರು ಮಾಸಿದ ತೊಟ್ಟಿಲು, ಒಂದು ಚೇಳು.
"ಎಲ್ಲಾ ಬುಟ್ಟೋದ್ರೂ ಹಚ್ಚೆ ಒಂದು ಜೊತೇಲಿ ಬತ್ತದೆ ಅಂತಾರೆ" ಅಂದು
ತಟ್ಟನೆ ಸೆರಗು ಬಾಯಿಗೆ ಒತ್ತಿಕೊಂಡರು.

ನಾಲ್ಕನೇ ವಾರಕ್ಕೆ ಗಂಟಲೊಳಗೆ ಉರಿ.
ಮುದ್ದೆ ಇಳಿಯದು. ತಣ್ಣನೆ ಮಜ್ಜಿಗೆ, ಗಂಜಿ.
ಮುದ್ದೆಯಿಲ್ಲದ ಊಟವನ್ನು ಅವರು ಊಟ ಎಂದು ಕರೆಯಲೇ ಇಲ್ಲ.

ಬೆಂಚಿನಲ್ಲಿ ಹೊಸಬ, ಹುಣಸೂರು ಕಡೆಯವನು,
ಹೊಗೆಸೊಪ್ಪು ಬೇಯಿಸುವವನು, ರೇಗಿದ:
ಮೂವತ್ತು ದಿನ ಯಾಕ್ರೀ, ಒಂದೇ ಏಟಿಗೆ ಸುಟ್ಟುಹಾಕಬಾರದಾ?
ನಾನು ಬಾಯಿ ತೆರೆಯುವ ಮೊದಲೇ ಹೊಂಬಾಳಯ್ಯ, ಕಮ್ಮಿ ದನಿಯಲ್ಲಿ:
"ಪಾಕ ಇಳಿಸಿದ್ದೀಯೇನ್ಲಾ ಯಾವತ್ತಾರ?
ಒಂದೇ ಸಾರಿ ಉರಿ ನುಗ್ಗುಸುದ್ರೆ ತಳ ಸೀದೋಯ್ತದೆ, ಮೇಲೆ ಅಸೀನೆ ಇರ್ತದೆ.
ಉರಿ ಕೊಡು, ಎಳಿ. ಕೊಡು, ಎಳಿ.
ಕೊಪ್ಪರಿಗೆ ಉಳೀಬೇಕಲ್ಲಪ್ಪ, ಕೊಪ್ಪರಿಗೆ."

ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯವೇ ಇದೆ,
ಒಳ್ಳೆಯ ಕಣ ರಾತ್ರಿಯಲ್ಲಿ ರಿಪೇರಿಯಾಗುವುದು,
ಕೆಟ್ಟದ್ದಕ್ಕೆ ಅಷ್ಟು ಜಾಣತನ ಇಲ್ಲದಿರುವುದು.
ಎರಡು ಸಲ ಬರೆದು ಪಾಸಾದವಳು ನಾನು.

ಮೂವತ್ತನೆಯ ದಿನ. ಕೆಮ್ಮಿನಲ್ಲಿ ರಕ್ತ ನಿಂತಿದೆ.
ಉಳಿದದ್ದನ್ನು ಮೂರು ತಿಂಗಳ ಸ್ಕ್ಯಾನು ಹೇಳಬೇಕು.
ಗುಣವಾಯಿತು ಎಂಬ ಮಾತು ಈ ನೆಲಮಾಳಿಗೆಯಲ್ಲಿ ಇಲ್ಲ,
ನೋಡೋಣ ಅನ್ನುತ್ತೇವೆ.
ಅಂಗಿಗೆ ಗುಂಡಿ ಹಾಕುತ್ತಾ ಬಾಗಿಲವರೆಗೆ ಹೋದವರು
ಹಿಂದಿರುಗಿ ಬಂದು, ಯಂತ್ರದ ತಲೆಗೆ ಅಂಗೈ ಇಟ್ಟರು,
ಬೆಳಗಿನ ಜಾವ ಒಲೆಗೋಡೆ ಮುಟ್ಟಿ ನೋಡುವವರ ಹಾಗೆ.
"ತಣ್ಣಗೈತಲ್ಲವ್ವ!"
ಮೋಸ ಹೋದವರ ದನಿ, ಅಥವಾ ಬೆರಗಿನದು.

ಮುಂದಿನ ಹೆಸರು ಕೂಗಬೇಕಿತ್ತು.
ಯಾರೂ ಇಲ್ಲದ್ದು ನೋಡಿಕೊಂಡು
ನಾನೂ ಒಮ್ಮೆ ಮುಟ್ಟಿದೆ.